ಡಬ್ಬಿ ಖಾಲಿ ವಾಪಸ್ ಹೋಗಬಾರದು

2025ರಲ್ಲಿ ಯುಗಾದಿ ಮಾರ್ಚ್ 30ರ ಭಾನುವಾರ ಬಂತು. ಮರುದಿನ ಸೋಮವಾರವೇ ರಂಜಾನ್. ದೇವರಾಯಸಮುದ್ರದ ನಮ್ಮ ಬೀದಿಯಲ್ಲಿ ಎರಡು ದಿನ ಯಾರ ಮನೆಯ ಒಲೆಯೂ ಆರಲಿಲ್ಲ. ಭಾನುವಾರ ಮಧ್ಯಾಹ್ನ ಅಮ್ಮ ತಟ್ಟೆಯಲ್ಲಿ ಹತ್ತು ಒಬ್ಬಟ್ಟು ಇಟ್ಟು, ಸಣ್ಣ ಬಟ್ಟಲಲ್ಲಿ ತುಪ್ಪ ಇಟ್ಟು, "ಬೂಬಮ್ಮನಿಗೆ ಕೊಟ್ಟು ಬಾ" ಅಂದರು. ಸೋಮವಾರ ನಮಾಜ್ ಮುಗಿದ ಮೇಲೆ ಬೂಬಮ್ಮನ ಮೊಮ್ಮಗ ನಮ್ಮ ತಟ್ಟೆಯನ್ನೂ ಅದರ ಮೇಲೆ ಒಂದು ಸ್ಟೀಲ್ ಡಬ್ಬಿಯನ್ನೂ ತಂದುಕೊಟ್ಟ. ಡಬ್ಬಿ ತುಂಬ ಶೀರ್ ಖುರ್ಮಾ. ಇನ್ನೂ ಬಿಸಿ ಇತ್ತು.

ನಾನು ಹುಟ್ಟುವ ಮೊದಲಿನಿಂದಲೂ ಇದು ನಡೆದುಕೊಂಡು ಬಂದಿದೆ. ಇದಕ್ಕೊಂದು ನಿಯಮ ಇದೆ, ನಿಮ್ಮೂರಲ್ಲೂ ಇರುತ್ತದೆ. ತುಂಬಿ ಬಂದ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು. ಮನೆಯಲ್ಲಿ ಏನೂ ಇಲ್ಲವೆಂದರೆ ಒಂದು ಹಿಡಿ ಸಕ್ಕರೆ, ಒಂದು ಅಚ್ಚು ಬೆಲ್ಲ, ಹಿತ್ತಲಿನ ನಾಲ್ಕು ನುಗ್ಗೆಕಾಯಿ ಆದರೂ ಸರಿ.

ಆದರೆ ಆ ಡಬ್ಬಿ ಐದು ತಿಂಗಳು ನಮ್ಮ ಅಡುಗೆಮನೆಯಲ್ಲೇ ಖಾಲಿ ಕೂತಿತ್ತು. ತಪ್ಪು ನನ್ನದು. ಅದನ್ನು ಹೇಳಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ಸತ್ತವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಮೇ 7ರಂದು ಆಪರೇಷನ್ ಸಿಂಧೂರ ಶುರುವಾಯಿತು. ಮೇ 10ರಂದು ಗುಂಡಿನ ಸದ್ದು ನಿಂತಿತು. ಆ ದಿನಗಳಲ್ಲಿ ಎಲ್ಲರ ಹಾಗೆ ನನಗೂ ಹೊಟ್ಟೆ ಉರಿಯುತ್ತಿತ್ತು. ಯಾರೋ ಒಂದು ಚಿತ್ರ ಕಳಿಸಿದ್ದರು. ಹಿಂದೆ ಯಾವುದೋ ಹಬ್ಬಕ್ಕೆ ಅಟ್ಟಾರಿ ಗಡಿಯಲ್ಲಿ ನಮ್ಮ ಬಿಎಸ್‌ಎಫ್‌ನವರು ಪಾಕಿಸ್ತಾನದ ರೇಂಜರ್‌ಗಳಿಗೆ ಸಿಹಿ ಡಬ್ಬ ಕೊಡುತ್ತಿರುವ ಫೋಟೊ. ಕೆಳಗೆ ದಪ್ಪ ಅಕ್ಷರದಲ್ಲಿ "ಇವರಿಗೆ ಸಿಹಿ ತಿನ್ನಿಸಿದ್ದು ಸಾಕು" ಎಂದಿತ್ತು. ನಾನು ಅದನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ.

ಇಪ್ಪತ್ನಾಲ್ಕು ಗಂಟೆ ಅದು ಅಲ್ಲಿತ್ತು. ನೋಡಿದವರ ಪಟ್ಟಿಯಲ್ಲಿ ಬೂಬಮ್ಮನ ಮೊಮ್ಮಗನ ಹೆಸರೂ ಇತ್ತು.

ಜೂನ್ 7ರಂದು ಬಕ್ರೀದ್. ಆ ದಿನ ನಮ್ಮ ಮನೆಗೆಂದು ಬೂಬಮ್ಮ ಬೇರೆ ಪಾತ್ರೆಯಲ್ಲಿ ಶ್ಯಾವಿಗೆ ಪಾಯಸ ಮಾಡಿ ಕಳಿಸುವುದು ವಾಡಿಕೆ. ಅಮ್ಮ ಪಾತ್ರೆ ತೊಳೆದಿಟ್ಟು ಮಧ್ಯಾಹ್ನದವರೆಗೆ ಕಾದರು. "ಆಕೆಗೆ ಮೈ ಹುಷಾರಿಲ್ಲವೇನೋ" ಅಂದರು. ಕಾರಣ ನನಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಆಗಸ್ಟ್ 15ರಂದು ಧ್ವಜಾರೋಹಣದ ನಾಲ್ಕು ಸುದ್ದಿ ಕಳಿಸಿ ಮೊಬೈಲ್ ನೋಡುತ್ತ ಕೂತಿದ್ದೆ. ಅಟ್ಟಾರಿಯಲ್ಲಿ ಈ ಸಲ ಸಿಹಿ ಹಂಚಿಕೆ ನಡೆಯಲಿಲ್ಲ ಎಂಬ ಸುದ್ದಿ ಬಂತು. ನಾನು ಸ್ಟೇಟಸ್‌ನಲ್ಲಿ ಕೇಳಿದ್ದೂ ಅದನ್ನೇ ಅಲ್ಲವೇ? ಖುಷಿಯಾಗಬೇಕಿತ್ತು. ತಲೆ ಎತ್ತಿದರೆ ಎದುರಿಗೆ ಆ ಡಬ್ಬಿ.

ಈ ಗಡಿ ಸಿಹಿಯ ವಿಷಯ ಸರಿಯಾಗಿ ತಿಳಿದುಕೊಳ್ಳೋಣ ಅಂತ ಆಗ ಅನ್ನಿಸಿತು. ನಮ್ಮ ಮುಳಬಾಗಿಲು ತಾಲ್ಲೂಕಿನವರೇ ಒಬ್ಬರು ಬಿಎಸ್‌ಎಫ್‌ನಲ್ಲಿದ್ದು ನಿವೃತ್ತರಾಗಿ ಬಂದಿದ್ದಾರೆ. ಬಾಂಗ್ಲಾದೇಶದ ಗಡಿಯಲ್ಲಿ ಕೆಲಸ ಮಾಡಿದವರು. ಅವರ ತೋಟದಲ್ಲಿ ಕೂತು ಕೇಳಿದೆ.

"ಅಣ್ಣ, ಸಿಹಿ ಕೊಟ್ಟ ಮೇಲೆ ಕಾವಲು ಸಡಿಲ ಆಗಲ್ವಾ?"

ಅವರು ನಕ್ಕರು. "ಯಾಕಾಗುತ್ತೆ? ಬೆಳಗ್ಗೆ ಸಿಹಿ ಕೊಟ್ಟು ಕೈ ಕುಲುಕಿದ್ರೆ ರಾತ್ರಿ ಅದೇ ಜಾಗದಲ್ಲಿ ಬಂದೂಕು ಹಿಡ್ಕೊಂಡು ನಿಂತಿರ್ತೀವಿ. ಅವರೂ ಅಷ್ಟೇ. ಕಳ್ಳಸಾಗಣೆ ಮಾಡೋನು ಸಿಕ್ಕಿದ್ರೆ ಹಬ್ಬ ಅಂತ ಬಿಡ್ತೀವಾ? ಅದು ಬೇರೆ, ಇದು ಬೇರೆ."

"ಹಾಗಿದ್ರೆ ಸಿಹಿ ಯಾಕೆ?"

"ಮುಖ ಪರಿಚಯಕ್ಕೆ. ರೈತನೊಬ್ಬ ದಾರಿ ತಪ್ಪಿ ಆ ಕಡೆ ಹೋಗಿರ್ತಾನೆ, ಇಲ್ಲ ಮಗು ಹೋಗಿರುತ್ತೆ. ಆಗ ಎರಡೂ ಕಡೆಯ ಅಧಿಕಾರಿಗಳು ಗಡಿ ಗೆರೆ ಹತ್ರ ಕೂತು ಮಾತಾಡ್ಬೇಕು. ಹಬ್ಬದಲ್ಲಿ ಕೈ ಕುಲುಕಿದವರ ಹತ್ರ ಮಾತು ಬೇಗ ಮುಗಿಯುತ್ತೆ. ಇಲ್ದಿದ್ರೆ ಒಂದು ಕಾಗದಕ್ಕೆ ಹತ್ತು ದಿನ."

ಆಮೇಲೆ ಇನ್ನೊಂದು ಮಾತು ಹೇಳಿದರು. "ಆದ್ರೆ ಒಂದು ತಿಳ್ಕೊ. ಅಲ್ಲಿ ಸಿಹಿ ಕೊಡೋದೂ ಬಿಡೋದೂ ನಮ್ಮ ಕೈಲಿಲ್ಲ. ಮೇಲಿಂದ ಆರ್ಡರ್ ಬರ್ಬೇಕು."

ಮನೆಗೆ ಬಂದು ಹಳೆಯ ಸುದ್ದಿಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ದೀಪಾವಳಿ, ಈದ್, ಆಗಸ್ಟ್ 14 ಮತ್ತು 15, ಜನವರಿ 26. ಈ ದಿನಗಳಲ್ಲಿ ಅಟ್ಟಾರಿಯಲ್ಲಿ ಸಿಹಿ ಕೊಟ್ಟು ತೆಗೆದುಕೊಳ್ಳುವುದು ರೂಢಿ. ಜಗಳವಾದಾಗ ನಿಲ್ಲುತ್ತದೆ. 2019ರ ಆಗಸ್ಟ್‌ನಲ್ಲಿ ಕಾಶ್ಮೀರದ ವಿಶೇಷ ಸ್ಥಾನ ರದ್ದಾದ ಮೇಲೆ ಬಕ್ರೀದ್ ಸಿಹಿ ನಿಂತಿತು. 2021ರ ಜುಲೈನಲ್ಲಿ ಬಕ್ರೀದ್‌ಗೇ ಮತ್ತೆ ಶುರುವಾಯಿತು. ಚೀನಾ ಗಡಿಯ ಕಥೆಯೂ ಹೀಗೇ. 2020ರ ಜೂನ್‌ನಲ್ಲಿ ಗಾಲ್ವಾನ್‌ನಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟರು. ನಾಲ್ಕು ವರ್ಷ ಎರಡೂ ಸೇನೆ ಎದುರುಬದುರು ನಿಂತಿದ್ದವು. 2024ರ ಅಕ್ಟೋಬರ್‌ನಲ್ಲಿ ಗಸ್ತಿನ ವಿಷಯದಲ್ಲಿ ಒಪ್ಪಂದವಾಯಿತು. ಅದೇ ತಿಂಗಳ 31ರಂದು ದೀಪಾವಳಿಗೆ ಗಡಿಯ ಹಲವು ಕಡೆ ಎರಡೂ ಸೈನಿಕರು ಸಿಹಿ ಹಂಚಿಕೊಂಡರು.

ಸಿಹಿಯಿಂದ ಜಗಳ ಮುಗಿಯಿತು ಅಂತ ನಾನು ಹೇಳುತ್ತಿಲ್ಲ. ಸತ್ತವರ ಮನೆಯ ದುಃಖ ಲಾಡುವಿನಿಂದ ಹೋಗುವುದಿಲ್ಲ. ಆದರೆ ಎಂದಾದರೂ ಮಾತು ಶುರುವಾಗಬೇಕಲ್ಲ, ಅದಕ್ಕೆ ಒಂದು ಬಾಗಿಲು ಬೇಕು. ಹಬ್ಬ ಆ ಬಾಗಿಲು. ನಮ್ಮ ತಾಲ್ಲೂಕಿನ ಹೆಸರೇ ಮೂಡಲಬಾಗಿಲು, ಅದು ಮುಳಬಾಗಿಲು ಆಯಿತು. ಬಾಗಿಲ ಬಳಿ ಬದುಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಂಗಲಿ ದಾಟಿದರೆ ಆಂಧ್ರ. ಆ ಕಡೆಯವರಿಗೂ ನಮಗೂ ಯುಗಾದಿ ಒಂದೇ ದಿನ, ಅರ್ಧ ಮಾತು ತೆಲುಗು, ಅರ್ಧ ಕನ್ನಡ.

ದೇಶಗಳು ಬರೀ ಸಿಹಿಯನ್ನಷ್ಟೇ ಕೊಟ್ಟುಕೊಳ್ಳುವುದಿಲ್ಲ. ಕೊರೊನಾ ಕಾಲ ನೆನಪಿಸಿಕೊಳ್ಳಿ. 2021ರ ಜನವರಿ 20ರಂದು ಭಾರತ ಭೂತಾನ್‌ಗೆ ಒಂದೂವರೆ ಲಕ್ಷ ಡೋಸ್ ಲಸಿಕೆ ಉಚಿತವಾಗಿ ಕಳಿಸಿತು. ಮರುದಿನ ಬಾಂಗ್ಲಾದೇಶಕ್ಕೆ 20 ಲಕ್ಷ, ನೇಪಾಳಕ್ಕೆ 10 ಲಕ್ಷ. ಮೂರು ತಿಂಗಳಾಗುವಷ್ಟರಲ್ಲಿ ಎರಡನೇ ಅಲೆ ನಮ್ಮ ಮೇಲೆಯೇ ಬಿತ್ತು. ಆಗ ಪುಟ್ಟ ಭೂತಾನ್ ಅಸ್ಸಾಂಗೆ ಆಮ್ಲಜನಕ ಕೊಡಲು ಮುಂದೆ ಬಂತು. ಮೇ 6ರಂದು ಬಾಂಗ್ಲಾದೇಶ 10,000 ವಯಲ್ ರೆಮ್ಡಿಸಿವಿರ್ ಕಳಿಸಿತು. ಚಾಮರಾಜನಗರದಲ್ಲಿ 24 ಜನ ಸತ್ತ ವಾರವೇ, ಮೇ 5ರಂದು, ನೌಕಾಪಡೆಯ ಐಎನ್‌ಎಸ್ ತಲ್ವಾರ್ ಹಡಗು ಬಹ್ರೇನ್‌ನಿಂದ 40 ಟನ್ ದ್ರವ ಆಮ್ಲಜನಕ ಹೊತ್ತು ನವಮಂಗಳೂರು ಬಂದರಿಗೆ ಬಂತು. ಬಹ್ರೇನ್ ನಮಗೆ ಗಡಿ ಹಂಚಿಕೊಂಡ ದೇಶವಲ್ಲ, ಸಮುದ್ರದಾಚೆಯದು. ಆದರೆ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಅಲ್ಲಿ ದುಡಿಯುತ್ತಾರೆ. ಅವರ ಪಾಲಿಗೆ ಅದೂ ನೆರೆಮನೆಯೇ.

ಅದೇ ವರ್ಷ ಜುಲೈನಲ್ಲಿ ಬಾಂಗ್ಲಾದೇಶದ ಆಗಿನ ಪ್ರಧಾನಿ ಶೇಖ್ ಹಸೀನಾ 2,600 ಕೆ.ಜಿ. ಹರಿಭಂಗಾ ಮಾವು ಕಳಿಸಿದರು. ನಮ್ಮ ಜಿಲ್ಲೆಗೆ ಯಾರೂ ಮಾವು ಕಳಿಸುವುದಿಲ್ಲ ಬಿಡಿ, ಶ್ರೀನಿವಾಸಪುರ ಇರುವ ಜಿಲ್ಲೆಗೆ ಮಾವು ಬಂದರೆ ಇಡಲು ಜಾಗ ಎಲ್ಲಿದೆ! 2024ರಲ್ಲಿ ಅಲ್ಲಿ ಸರ್ಕಾರ ಉರುಳಿತು, ಎರಡೂ ದೇಶದ ನಡುವೆ ಬಿಗುವು ಬಂತು. ಆದರೂ 2025ರ ಜುಲೈನಲ್ಲಿ ಆಗಿನ ಹೊಸ ಸರ್ಕಾರದ ಮುಖ್ಯಸ್ಥರಾಗಿದ್ದ ಮೊಹಮ್ಮದ್ ಯೂನುಸ್ ಅದೇ ತಳಿಯ 1,000 ಕೆ.ಜಿ. ಮಾವು ಕಳಿಸಿದರು. ಮುಖ ಗಂಟಿಕ್ಕಿಕೊಂಡಿದ್ದರೂ ಬುಟ್ಟಿ ಬಂತು.

ನಮ್ಮ ಟೊಮೆಟೊ ಬೆಳೆಗಾರರು ಇಲ್ಲಿ ನನ್ನನ್ನು ತಡೆಯಬಹುದು. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ಆಗಸ್ಟ್ 10ರಂದು ಹಣಕಾಸು ಸಚಿವೆ ಲೋಕಸಭೆಯಲ್ಲಿ ನೇಪಾಳದಿಂದ ಟೊಮೆಟೊ ತರಿಸುತ್ತಿದ್ದೇವೆ ಅಂದರು. ಉತ್ತರದ ಊರುಗಳ ಅಡುಗೆಮನೆಗೆ ಅದು ಉಪಕಾರ. ಬೀದಿಗೆ ಸುರಿದ ವರ್ಷಗಳ ಸಾಲ ಆ ಒಂದು ಬೆಳೆಯಲ್ಲಿ ತೀರಿಸಲು ಹೊರಟಿದ್ದ ನಮ್ಮ ರೈತನಿಗೆ ಕಹಿ. ನಿಜ. ಆದರೆ ಅದು ವ್ಯಾಪಾರ. ನಮ್ಮ ಟೊಮೆಟೊ ಲಾರಿಗಳೂ ಬಾಂಗ್ಲಾದೇಶಕ್ಕೆ ಹೋಗಿವೆ. ವ್ಯಾಪಾರದ ಲೆಕ್ಕ ತಕ್ಕಡಿಯಲ್ಲಿ ಮುಗಿಯುತ್ತದೆ. ಹಬ್ಬದ ಡಬ್ಬಿಗೆ ತಕ್ಕಡಿ ಇಲ್ಲ.

ಇನ್ನೊಂದು ಘಟನೆ ನಮ್ಮ ಬೆಂಗಳೂರಿನದೇ. 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ದೆಹಲಿ–ಲಾಹೋರ್ ಬಸ್ ನಿಂತುಹೋಗಿತ್ತು. 2003ರ ಜುಲೈ 11ರಂದು ಮತ್ತೆ ಓಡಿತು. ಲಾಹೋರ್‌ನಿಂದ ಬಂದ ಮೊದಲ ಬಸ್ಸಿನಲ್ಲಿ ಎರಡೂವರೆ ವರ್ಷದ ಒಂದು ಹೆಣ್ಣುಮಗು ಇತ್ತು. ಹೃದಯದಲ್ಲಿ ರಂಧ್ರ. ಬೊಮ್ಮಸಂದ್ರದ ನಾರಾಯಣ ಹೃದಯಾಲಯದಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಗೊತ್ತುಗುರಿಯಿಲ್ಲದ ಜನ ಆ ಮಗುವಿಗಾಗಿ ಪ್ರಾರ್ಥನೆ ಮಾಡಿದರು, ಹಾರೈಕೆ ಕಳಿಸಿದರು. ಮಗು ಚೇತರಿಸಿಕೊಂಡಿತು, ತಂದೆ ತಾಯಿ ಕೃತಜ್ಞತೆ ಹೇಳಿ ಊರಿಗೆ ಹೋದರು. ನಾನಾಗ ಶಾಲೆಯಲ್ಲಿದ್ದೆ. ಪೇಪರಿನಲ್ಲಿ ಆ ಮಗುವಿನ ಫೋಟೊ ನೋಡಿ ಅಮ್ಮ "ನಮ್ಮ ಕಡೆ ಮಗು ಥರಾನೇ ಇದೆ" ಅಂದಿದ್ದು ನೆನಪಿದೆ.

ಇಷ್ಟೆಲ್ಲ ಓದಿ ಮುಗಿಸಿದ ಮೇಲೆ ನನ್ನ ಸ್ಟೇಟಸ್ಸಿನ ತಪ್ಪು ಇನ್ನೂ ಸ್ಪಷ್ಟವಾಯಿತು. ದೇಶ ದೇಶದ ಮೇಲೆ ಕೋಪ ಮಾಡಿಕೊಳ್ಳಲಿ. ಕಾರಣ ಇದೆ, ಸತ್ತವರಿದ್ದಾರೆ. ಸಿಹಿ ಯಾವಾಗ ಕೊಡಬೇಕು, ಯಾವಾಗ ನಿಲ್ಲಿಸಬೇಕು ಅಂತ ತೀರ್ಮಾನಿಸಲು ಮೇಲೆ ಜನ ಇದ್ದಾರೆ. ಆದರೆ "ಇವರಿಗೆ" ಅಂದೆನಲ್ಲ, ಯಾರಿಗೆ? ಬೂಬಮ್ಮ ಹುಟ್ಟಿದ್ದು ಮುಳಬಾಗಿಲಲ್ಲಿ. ಮದುವೆಯಾಗಿ ಬಂದದ್ದು ದೇವರಾಯಸಮುದ್ರಕ್ಕೆ. ರೇಷನ್ ತರುವುದು ನಾವು ತರುವ ಅಂಗಡಿಯಿಂದಲೇ. ಪಹಲ್ಗಾಮ್ ಸುದ್ದಿ ಬಂದ ರಾತ್ರಿ ಆಕೆ ನಮ್ಮ ಜಗಲಿಯಲ್ಲಿ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದನ್ನು ನಾನೇ ನೋಡಿದ್ದೆ. ಆಕೆ ಪಕ್ಕದ ದೇಶ ಅಲ್ಲ, ಪಕ್ಕದ ಮನೆ. ಸುದ್ದಿ ಬರೆಯುವವನಾಗಿ ನನಗೆ ಇಷ್ಟು ವ್ಯತ್ಯಾಸ ಗೊತ್ತಿರಬೇಕಿತ್ತು.

ಇನ್ನೊಂದು ವಿಷಯ ನಾನು ಮರೆತಿದ್ದೆ. 2021ರ ಮೇ ಮೊದಲ ವಾರ ಅಮ್ಮನಿಗೂ ನನಗೂ ಕೊರೊನಾ. ಬೀದಿಯವರು ನಮ್ಮ ಮನೆಯ ಮುಂದೆ ನಡೆಯುತ್ತಿರಲಿಲ್ಲ. ಅವರನ್ನು ದೂರುವುದಿಲ್ಲ, ಭಯದ ಕಾಲ. ಬೂಬಮ್ಮ ದಿನಾ ಸಂಜೆ ಗೋಡೆಯ ಮೇಲೆ ಒಂದು ಡಬ್ಬಿ ಗಂಜಿ, ಒಂದು ಪೊಟ್ಟಣ ಉಪ್ಪಿನಕಾಯಿ ಇಟ್ಟು, ಕೂಗಿ ಹೇಳಿ ಹೋಗುತ್ತಿದ್ದರು. ಅದು ರಂಜಾನ್ ಉಪವಾಸದ ತಿಂಗಳು. ಬೆಳಗಿನಿಂದ ಒಂದು ತೊಟ್ಟು ನೀರು ಕುಡಿಯದೆ ನಮಗೆ ಗಂಜಿ ಕಾಯಿಸಿದರು. ಹನ್ನೊಂದು ದಿನ. ಆ ಹನ್ನೊಂದು ದಿನವೂ ನಾವು ಡಬ್ಬಿಯನ್ನು ಬಿಸಿನೀರಲ್ಲಿ ತೊಳೆದು ಖಾಲಿಯಾಗಿಯೇ ಗೋಡೆಯ ಮೇಲೆ ಇಟ್ಟೆವು. ನಿಯಮ ಮುರಿದೆವು. ಆಕೆ ಲೆಕ್ಕ ಇಡಲಿಲ್ಲ.

ಆಗಸ್ಟ್ 27ರಂದು ಗಣೇಶನ ಹಬ್ಬ. ಬೆಳಗ್ಗೆ ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಬೈಯಲಿಲ್ಲ, ಮಾತೂ ಆಡಲಿಲ್ಲ. ಡಬ್ಬಿ ಕೆಳಗಿಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿ, ಕರಿಗಡುಬು ತುಂಬಿ ನನ್ನ ಕೈಗೆ ಕೊಟ್ಟರು. "ನೀನೇ ಹೋಗು" ಅಂದರು.

ನಮ್ಮ ಮನೆಯಿಂದ ಆ ಮನೆಗೆ ಹದಿನೈದು ಹೆಜ್ಜೆ. ಮೊಮ್ಮಗ ಬಾಗಿಲಲ್ಲಿ ನಿಂತಿದ್ದ, ನನ್ನನ್ನು ನೋಡಿ ಪಕ್ಕಕ್ಕೆ ಸರಿದ. ಅವನಿಗೇ ಮೊದಲು ಹೇಳಿದೆ, "ಆ ಸ್ಟೇಟಸ್ ಹಾಕಿದ್ದು ತಪ್ಪಾಯ್ತಪ್ಪ." ಅವನು ನೆಲ ನೋಡಿಕೊಂಡು "ಪರವಾಗಿಲ್ಲ ಅಣ್ಣ" ಅಂದ. ಪರವಾಗಿಲ್ಲ ಅನ್ನುವ ಮುಖ ಅದಾಗಿರಲಿಲ್ಲ. ಇನ್ನೂ ಸ್ವಲ್ಪ ದಿನ ಬೇಕಾಗಬಹುದು.

ಒಳಗಿಂದ ಬೂಬಮ್ಮ ಬಂದರು. ಡಬ್ಬಿ ತೆಗೆದುಕೊಂಡು ತಿರುಗಿಸಿ ನೋಡಿದರು. ಮೇಲೆ ಅಮ್ಮ ಒಂದು ತಟ್ಟೆ ಮುಚ್ಚಿದ್ದರು.

"ಮೂತ ಏದಿ ನಾಯನಾ?" ಅಂದರು. ಮುಚ್ಚಳ ಎಲ್ಲಪ್ಪಾ ಅಂತ.

ಐದು ತಿಂಗಳಲ್ಲಿ ಮುಚ್ಚಳ ಎಲ್ಲಿ ಹೋಯಿತೋ ನನಗೆ ಗೊತ್ತಿರಲಿಲ್ಲ. ಹುಡುಕಿ ತರುತ್ತೇನೆ ಅಂದೆ. "ತಾ, ಹೊಸ ಡಬ್ಬಿ ಅದು" ಅಂದರು. ಆಮೇಲೆ ನಮ್ಮ ತಟ್ಟೆಗೆ ಮನೆಯಲ್ಲಿದ್ದ ಎರಡು ಸೀಬೆಹಣ್ಣು ಹಾಕಿ ಕೊಟ್ಟರು.

ಮುಚ್ಚಳ ಇನ್ನೂ ಸಿಕ್ಕಿಲ್ಲ. ಹುಡುಕುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಯಾರದಾದರೂ ಡಬ್ಬಿ ಉಳಿದಿದ್ದರೆ, ಮುಂದಿನ ಹಬ್ಬದವರೆಗೆ ಕಾಯಬೇಡಿ. ಒಂದು ಅಚ್ಚು ಬೆಲ್ಲ ಹಾಕಿ ಇವತ್ತೇ ಕೊಟ್ಟು ಬನ್ನಿ. ಅದಕ್ಕೆ ಯಾರ ಆರ್ಡರೂ ಬೇಕಾಗಿಲ್ಲ.