ಬರಿಗೈ ಆಯುಧವೇ?

ಮಕ್ಕಳು ಆಡುವಾಗ ಕಿವಿಗೊಟ್ಟು ಕೇಳಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಸೋತದ್ದಕ್ಕಾಗಿ ಆಗುವ ಜಗಳ ಬೇಗ ಮುಗಿಯುತ್ತದೆ. ‘ಹಾಗೆ ಆಡುವಂತಿಲ್ಲ’ ಎಂಬ ಮಾತಿನಿಂದ ಹುಟ್ಟಿದ ಜಗಳ ಮಾತ್ರ ಊಟದ ಹೊತ್ತಿನವರೆಗೂ ಬೆಳೆಯುತ್ತದೆ. ಹಿರಿಯರು ಬಂದು ‘ಆಟ ತಾನೇ, ಬಿಡಿ’ ಎಂದು ಗದರಿದರೆ ಮಕ್ಕಳು ಸುಮ್ಮನಾಗುತ್ತಾರೆ, ಒಪ್ಪಿಕೊಂಡಿರುವುದಿಲ್ಲ. ಏಕೆಂದರೆ ಅಲ್ಲಿ ಚರ್ಚೆಗೆ ಬಂದದ್ದು ಆಟವಲ್ಲ, ನ್ಯಾಯ.

ಇಂಥ ನ್ಯಾಯದ ಪ್ರಶ್ನೆಗಳನ್ನೇ ಹೊಟ್ಟೆಯಲ್ಲಿಟ್ಟುಕೊಂಡ ಆಟವೊಂದು ಅಮೆರಿಕದಲ್ಲಿ ಹುಟ್ಟಿತು. ಅದರ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸ್ ಮತ್ತು ನೆರೆಯ ಮಿನೆಸೋಟದ ಡೇವ್ ಆರ್ನೆಸನ್ ಸೇರಿ ರೂಪಿಸಿದ ಈ ಆಟ 1974ರಲ್ಲಿ ಪ್ರಕಟವಾಯಿತು. ಇದಕ್ಕೆ ಹಾಸು ಕಡ್ಡಾಯವಲ್ಲ, ಕಾಯಿಗಳೂ ಕಡ್ಡಾಯವಲ್ಲ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ಮಾತಿನಲ್ಲೇ ಕಥೆ ಕಟ್ಟುತ್ತಾರೆ. ಒಬ್ಬೊಬ್ಬರದು ಒಂದೊಂದು ಪಾತ್ರ. ಒಬ್ಬರು ಮಾತ್ರ ಕಥೆಯ ಲೋಕವನ್ನೂ ಅದರ ಶತ್ರುಗಳನ್ನೂ ನಡೆಸುತ್ತಾರೆ. ಅವರಿಗೆ ಡಂಜನ್ ಮಾಸ್ಟರ್ ಎಂದು ಹೆಸರು. ಸೂತ್ರಧಾರರೂ ಅವರೇ, ತೀರ್ಪುಗಾರರೂ ಅವರೇ. ಪಾತ್ರವೊಂದು ಮಾಡಹೊರಟ ಕೆಲಸ ಫಲಿಸಿತೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ಇಪ್ಪತ್ತು ಮುಖಗಳ ದಾಳ ಹೇಳುತ್ತದೆ.

ಕತ್ತಿ, ಈಟಿ, ಬಿಲ್ಲುಗಳ ನಿಯಮ ಇಲ್ಲಿ ಸರಳ. ಬರಿಗೈ ಹೋರಾಟದ ನಿಯಮ ಮಾತ್ರ ಮೊದಲಿನಿಂದಲೂ ತಲೆನೋವು. 1979ರಲ್ಲಿ ಗೈಗ್ಯಾಕ್ಸ್ ಬರೆದ ಡಂಜನ್ ಮಾಸ್ಟರ್ಸ್ ಗೈಡ್ ಪುಸ್ತಕದಲ್ಲಿ ಗುದ್ದುವುದಕ್ಕೆ ಒಂದು ಲೆಕ್ಕ, ಹಿಡಿದು ಕುಸ್ತಿಯಾಡುವುದಕ್ಕೆ ಇನ್ನೊಂದು, ಮೈಮೇಲೆ ಬಿದ್ದು ಕೆಡವುವುದಕ್ಕೆ ಮತ್ತೊಂದು. ಕೋಷ್ಟಕ ನೋಡಿ ಕೂಡಿ ಕಳೆಯುವಷ್ಟರಲ್ಲಿ ಹೊಡೆದಾಟದ ಬಿಸಿ ಆರಿಹೋಗುತ್ತಿತ್ತು. 2000ದ ಮೂರನೆಯ ಆವೃತ್ತಿಯಲ್ಲಿ, ತರಬೇತಿಯಿಲ್ಲದವನು ಆಯುಧಧಾರಿಯನ್ನು ಗುದ್ದಲು ಹೋದರೆ ಆಯುಧಧಾರಿಗೆ ಒಂದು ಏಟು ಪುಕ್ಕಟೆ. 2014ರ ಐದನೆಯ ಆವೃತ್ತಿ ಎಲ್ಲವನ್ನೂ ಒಂದು ಸಾಲಿಗೆ ಇಳಿಸಿತು: ಗುದ್ದಿನ ಪೆಟ್ಟು ಎಂದರೆ 1, ಅದಕ್ಕೆ ಪಾತ್ರದ ಬಲದ ಅಂಕ ಸೇರಿಸಿ.

ನಿಜವಾದ ಗುದ್ದು ಇಷ್ಟು ಸರಳವೇ? ತೋಳಿನ ದ್ರವ್ಯರಾಶಿ, ವೇಗ, ಮುಷ್ಟಿ ತಾಗಿದ ಜಾಗದ ವಿಸ್ತೀರ್ಣ, ತಾಗಿದ ಕಾಲಾವಧಿ, ಎಲ್ಲವೂ ಅದರಲ್ಲಿ ಸೇರುತ್ತವೆ. ಆದರೆ ಭೌತಶಾಸ್ತ್ರದ ಪುಸ್ತಕವೂ ಮೊದಲ ಪಾಠದಲ್ಲಿ ಘರ್ಷಣೆಯೇ ಇಲ್ಲದ ಸಮತಲವನ್ನು ಊಹಿಸಿಕೊಳ್ಳುತ್ತದೆಯಲ್ಲವೆ? ನಿಯಮವೆಂದರೆ ಲೋಕವಲ್ಲ, ಲೋಕದ ಒಂದು ನಕ್ಷೆ. ನಕ್ಷೆಯಲ್ಲಿ ಬಿಟ್ಟುಹೋದ ಜಾಗಕ್ಕೆ ಪಾತ್ರ ಕಾಲಿಟ್ಟಾಗಲೇ ವ್ಯಾಖ್ಯಾನದ ಕೆಲಸ ಶುರುವಾಗುತ್ತದೆ.

2014ರ ನಿಯಮಗಳು ಚಾಲ್ತಿಯಲ್ಲಿದ್ದ ದಿನಗಳ ಒಂದು ಮೇಜನ್ನು ಕಲ್ಪಿಸಿಕೊಳ್ಳಿ. ಹೊರಗೆ ಹಿಮ, ಒಳಗೆ ನಾಲ್ವರು ಮಕ್ಕಳು. ತೀರ್ಪುಗಾರ್ತಿ ಒಬ್ಬ ಹುಡುಗಿ. ಕೊನೆಯಲ್ಲಿ ಕುಳಿತ ಹುಡುಗ ಮಾತು ಕಡಿಮೆ. ಎರಡು ಗಂಟೆಯಿಂದ ಬಾಯಿಬಿಟ್ಟಿಲ್ಲ. ಅವನ ಪಾತ್ರ ಪಾಲಡಿನ್, ಅಂದರೆ ಪ್ರತಿಜ್ಞೆ ತೊಟ್ಟ ಧರ್ಮಯೋಧ. ಎರಡನೆಯ ಹಂತಕ್ಕೆ ಬಂದ ಪಾಲಡಿನ್‌ಗೆ ಡಿವೈನ್ ಸ್ಮೈಟ್ ಎಂಬ ಶಕ್ತಿ ದೊರೆಯುತ್ತದೆ: ಏಟು ತಾಗಿದ ಕ್ಷಣದಲ್ಲಿ ದಿವ್ಯತೇಜಸ್ಸನ್ನೂ ಅದರಲ್ಲಿ ಹರಿಸಬಹುದು. ಈಗ ಅವನು ಸೆರೆಮನೆಯಲ್ಲಿದ್ದಾನೆ. ಕತ್ತಿ ಕಿತ್ತುಕೊಂಡಿದ್ದಾರೆ. ಕಾವಲುಗಾರ ಬಾಗಿಲು ತೆರೆದ.

‘ಗುದ್ದುತ್ತೇನೆ. ಗುದ್ದಿನೊಳಗೆ ದಿವ್ಯಶಕ್ತಿಯನ್ನೂ ತುಂಬುತ್ತೇನೆ’ ಎಂದ ಹುಡುಗ.

ಎಲ್ಲರಿಗಿಂತ ದೊಡ್ಡವನು, ಪುಸ್ತಕವನ್ನು ಅರೆದು ಕುಡಿದವನು, ತಕ್ಷಣ ತಡೆದ: ‘ಆಗುವುದಿಲ್ಲ. ಮುಷ್ಟಿ ಆಯುಧವಲ್ಲ.’

ಲೆಕ್ಕ ಹಾಕಿದರೆ ಈ ಮಾತಿನ ಭಾರ ತಿಳಿಯುತ್ತದೆ. ಬಲ 16 ಇದ್ದರೆ ಅದರ ಅಂಕ 3. ಗುದ್ದಿನ ಪೆಟ್ಟು 4. ಕಾವಲುಗಾರನ ಪ್ರಾಣಾಂಕ 11. ಮೂರು ಗುದ್ದು ತಾಗಬೇಕು. ಅವನ ರಕ್ಷಣಾಂಕ 16, ಹುಡುಗನಿಗೆ ದಾಳದ ಮೇಲೆ ಸೇರುವುದು 5. ದಾಳ 11 ಅಥವಾ ಹೆಚ್ಚು ತೋರಿಸಬೇಕು. ಇಪ್ಪತ್ತರಲ್ಲಿ ಹತ್ತು ಅವಕಾಶ, ಅಂದರೆ ಅರ್ಧ. ಮೂರು ತಾಗಲು ಸರಾಸರಿ ಆರು ಪ್ರಯತ್ನ ಬೇಕು. ಅಷ್ಟು ಹೊತ್ತು ಕಾವಲುಗಾರನ ಈಟಿ ಸುಮ್ಮನಿರುವುದಿಲ್ಲ. ದಿವ್ಯಶಕ್ತಿ ಸೇರಿದರೆ ಎಂಟು ಮುಖದ ಎರಡು ದಾಳಗಳ ಮೊತ್ತ ಕೂಡುತ್ತದೆ. ಅವು ಬೀಳಬಹುದಾದ 64 ಬಗೆಗಳಲ್ಲಿ 49ರಲ್ಲಿ ಒಂದೇ ಏಟಿಗೆ ಕಾವಲುಗಾರ ಉರುಳುತ್ತಾನೆ. ಒಂದು ಪದದ ಅರ್ಥದ ಮೇಲೆ ಪಾತ್ರದ ಪ್ರಾಣವೇ ನಿಂತಿದೆ.

ಪುಸ್ತಕ ಏನು ಹೇಳುತ್ತದೆ? ಮೊದಲ ಮುದ್ರಣದಲ್ಲಿ ಬರಿಗೈ ಏಟನ್ನು ಆಯುಧಗಳ ಪಟ್ಟಿಯಲ್ಲೇ ಸೇರಿಸಿದ್ದರು. ಆಮೇಲೆ ತಿದ್ದುಪಡಿ ಬಂತು: ಅದು ಆ ಪಟ್ಟಿಗೆ ಸೇರಿದ್ದಲ್ಲ. ಆದರೆ ‘ಆಯುಧದಾಳಿ’ ಮಾಡುವಾಗ ಆಯುಧದ ಬದಲು ಮುಷ್ಟಿಯನ್ನು ಬಳಸಬಹುದು! ವ್ಯಾಕರಣದ ತರಗತಿಯಲ್ಲಿ ಸಮಾಸವನ್ನು ಬಿಡಿಸಿ ವಿಗ್ರಹವಾಕ್ಯ ಹೇಳುತ್ತೇವೆ. ‘ಆಯುಧದಾಳಿ’ಯನ್ನು ಬಿಡಿಸಿದರೆ ‘ಆಯುಧದಿಂದ ಮಾಡಿದ ದಾಳಿ’ ಎಂದಾಗಬೇಕು. ಇಲ್ಲಿ ಹಾಗಲ್ಲ. ಮುಷ್ಟಿಯ ಏಟು ಆಯುಧದಾಳಿ ಹೌದು, ಆಯುಧದಿಂದ ಮಾಡಿದ ದಾಳಿ ಅಲ್ಲ. ಮಾಂತ್ರಿಕ ದಾಳಿಯಿಂದ ಬೇರ್ಪಡಿಸಲು ಇಟ್ಟ ಹೆಸರೊಂದು ಹೀಗೆ ಬಲೆಯಾಯಿತು.

ಡಿವೈನ್ ಸ್ಮೈಟ್ ನಿಯಮದ ಮೊದಲ ಭಾಗ ಆಯುಧದಾಳಿ ತಾಗಿದರೆ ಸಾಕೆನ್ನುತ್ತದೆ. ಹುಡುಗ ಗೆದ್ದ. ಮುಂದಿನ ಭಾಗ ಆ ‘ಆಯುಧದ’ ಪೆಟ್ಟಿನ ಜೊತೆಗೆ ಶಕ್ತಿಯ ಪೆಟ್ಟನ್ನು ಕೂಡಿಸಿ ಎನ್ನುತ್ತದೆ. ಮುಷ್ಟಿ ಆಯುಧವಲ್ಲವಲ್ಲ! ದೊಡ್ಡವನು ಗೆದ್ದ.

ನಿಯಮಗಳ ಹೊಣೆ ಹೊತ್ತಿದ್ದ ಜೆರೆಮಿ ಕ್ರಾಫರ್ಡ್ ಅವರಿಗೂ ಈ ಪ್ರಶ್ನೆ ತಲುಪಿತು. ಸೇಜ್ ಅಡ್ವೈಸ್ ಹೆಸರಿನ ಅಧಿಕೃತ ಪ್ರಶ್ನೋತ್ತರದಲ್ಲಿ ಉತ್ತರ ‘ಇಲ್ಲ’ ಎಂದೇ ಬಂತು. ಆದರೆ ಉತ್ತರ ಅಲ್ಲಿಗೇ ಮುಗಿಯಲಿಲ್ಲ. ತೀರ್ಪುಗಾರರು ಇದನ್ನು ಸಡಿಲಿಸಿದರೆ ಆಟದ ಸಮತೋಲ ಕೆಡುವುದಿಲ್ಲ, ಪಾಲಡಿನ್ ಎಂದರೆ ಆಯುಧ ಹಿಡಿದ ಯೋಧನೆಂಬ ಚಿತ್ರಕ್ಕಾಗಿ ಹಾಗೆ ಬರೆದದ್ದು ಎಂದೂ ಅದು ತಿಳಿಸಿತು. ನಿಯಮ ಏನು ಹೇಳುತ್ತದೆ ಎಂಬುದರ ಜೊತೆಗೆ ಯಾಕೆ ಹೇಳುತ್ತದೆ ಎಂಬುದನ್ನೂ ಹೇಳುವ ಇಂಥ ಉತ್ತರಗಳು ಅಪರೂಪ.

ಮೇಜಿನ ಬಳಿಯ ಹುಡುಗಿಗೆ ಈ ಉತ್ತರ ಗೊತ್ತಿರಲಿಲ್ಲ. ಅವಳು ಪುಸ್ತಕ ತೆಗೆದುಕೊಂಡು ಆ ಸಾಲುಗಳನ್ನು ಎಲ್ಲರಿಗೂ ಕೇಳುವಂತೆ ಓದಿದಳು. ದೊಡ್ಡವನಿಗೆ ‘ನೀನು ಓದಿದ್ದು ಸರಿ’ ಎಂದಳು. ಅವನ ಮುಖದ ಬಿಗಿ ಅರ್ಧ ಸಡಿಲಾಯಿತು. ಬಳಿಕ ಕೇಳಿದಳು: ‘ಇದಕ್ಕೆ ಒಪ್ಪಿದರೆ ನಮ್ಮಲ್ಲಿ ಯಾರಿಗಾದರೂ ಅನ್ಯಾಯವಾಗುತ್ತದೆಯೇ?’ ಯಾರೂ ಮಾತಾಡಲಿಲ್ಲ. ‘ಹಾಗಾದರೆ ಈ ಮೇಜಿನಲ್ಲಿ ನಡೆಯುತ್ತದೆ. ಇವತ್ತಿಗೆ ಮಾತ್ರವಲ್ಲ, ಎಂದಿಗೂ. ಶತ್ರುಪಕ್ಷದಲ್ಲಿ ಪಾಲಡಿನ್ ಬಂದರೆ ಅವನಿಗೂ.’

ಹುಡುಗ ದಾಳ ಉರುಳಿಸಿದ. 7 ಬಿತ್ತು. ಗುದ್ದು ಗಾಳಿಗೆ ಹೋಯಿತು.

ಎಲ್ಲರೂ ನಕ್ಕರು, ಅವನೂ ನಕ್ಕ. ಅವನು ಕೇಳಿದ್ದು ಗೆಲುವನ್ನಲ್ಲ, ದಾಳ ಉರುಳಿಸುವ ಹಕ್ಕನ್ನು. ಅದು ಸಿಕ್ಕಿದ ಮೇಲೆ ತಪ್ಪಿದ ಏಟು ಅವನನ್ನು ನೋಯಿಸಲಿಲ್ಲ. ಆ ಸಂಜೆ ಉಳಿದ ಹೊತ್ತೆಲ್ಲ ಅವನು ಮಾತಾಡುತ್ತಲೇ ಇದ್ದ.

2024ರಲ್ಲಿ ಪುಸ್ತಕ ಪರಿಷ್ಕರಣೆಗೊಂಡಾಗ ಡಿವೈನ್ ಸ್ಮೈಟ್ ಒಂದು ಮಂತ್ರವಾಯಿತು. ಆಯುಧದ ಏಟು ಅಥವಾ ಬರಿಗೈ ಏಟು, ಯಾವುದು ತಾಗಿದರೂ ಅದನ್ನು ಪ್ರಯೋಗಿಸಬಹುದೆಂದು ನಿಯಮವೇ ಬಿಡಿಸಿ ಹೇಳಿತು. ಹಲವು ಮೇಜುಗಳಲ್ಲಿ ಎದ್ದ ಪ್ರಶ್ನೆಗೆ ಹತ್ತು ವರ್ಷಗಳ ಮೇಲೆ ಪುಸ್ತಕದಲ್ಲೇ ಜಾಗ ಸಿಕ್ಕಿತು.

ವಿಜ್ಞಾನ ಓದುವ ಮಕ್ಕಳು ಎರಡು ಬಗೆಯ ನಿಯಮಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಗುರುತ್ವಾಕರ್ಷಣೆಗೆ ಮೇಲ್ಮನವಿ ಇಲ್ಲ; ಕಲ್ಲು ಯಾರ ವಾದವನ್ನೂ ಕೇಳದೆ ಬೀಳುತ್ತದೆ. ಮನುಷ್ಯರು ಬರೆದ ನಿಯಮಕ್ಕೆ ಒಂದು ಉದ್ದೇಶವಿದೆ, ಬರೆದವರ ಕೈತಪ್ಪುಗಳೂ ಇವೆ. ಅದನ್ನು ಮೊದಲು ಅಕ್ಷರಶಃ ಓದಬೇಕು, ಆ ದೊಡ್ಡ ಹುಡುಗನ ಹಾಗೆ. ಆಮೇಲೆ ಅದು ಯಾರಿಗಾಗಿ ಇದೆ ಎಂದು ಕೇಳಬೇಕು, ಆ ಹುಡುಗಿಯ ಹಾಗೆ. ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹಾರುವವನು ತನಗೆ ಬೇಕಾದ ಹಾಗೆ ತೀರ್ಪು ಕೊಡುತ್ತಾನೆ. ಮೊದಲನೆಯದರಲ್ಲೇ ನಿಂತವನು, ಮೂಲೆಯಲ್ಲಿ ಕುಳಿತ ಹುಡುಗ ಕೊನೆಗೂ ಬಾಯಿಬಿಟ್ಟದ್ದನ್ನು ಗಮನಿಸುವುದೇ ಇಲ್ಲ.

ಮುಂದಿನ ಸಲ ಮನೆಯಂಗಳದಲ್ಲಿ ‘ಹಾಗೆ ಆಡುವಂತಿಲ್ಲ’ ಎಂಬ ಕೂಗು ಕೇಳಿಬಂದರೆ, ಹಿರಿಯರು ಗದರುವ ಮುನ್ನ ಒಂದು ನಿಮಿಷ ನಿಂತು ಕೇಳಬಹುದು. ಒಳಗೆ ಪುಟ್ಟದೊಂದು ನ್ಯಾಯಾಲಯ ನಡೆಯುತ್ತಿರುತ್ತದೆ.