ಮಗಳ ಕೈಗೆ ಕಾನೂನಿನ ಪುಸ್ತಕ



ನೆರೆಮನೆಯ ಹೆಣ್ಣುಮಗಳೊಬ್ಬಳ ಜೀವನಾಂಶದ ಮೊಕದ್ದಮೆಗಾಗಿ ನಾನೊಮ್ಮೆ ಅವಳ ಜೊತೆ ವಕೀಲರ ಕಚೇರಿಗೆ ಹೋಗಿದ್ದೆ. ವಕೀಲರು ಸಜ್ಜನರೇ. ಆದರೆ ಅವರು ಪ್ರಶ್ನೆ ಕೇಳಿದಾಗಲೆಲ್ಲ ಅವಳು ತಲೆ ತಗ್ಗಿಸುತ್ತಿದ್ದಳು. ಅನುಭವಿಸಿದ್ದರಲ್ಲಿ ಅರ್ಧವನ್ನೂ ಹೇಳಲಿಲ್ಲ. ಮರಳುವಾಗ ರಿಕ್ಷಾದಲ್ಲಿ ಉಳಿದದ್ದನ್ನೆಲ್ಲ ಹೇಳಿ ಅತ್ತಳು. ಅಲ್ಲೊಬ್ಬಳು ವಕೀಲೆ ಇದ್ದಿದ್ದರೆ ಎಂದು ನನಗನ್ನಿಸಿತು.

ಈ ಕೊರತೆಯನ್ನು ಕಾರ್ನೇಲಿಯಾ ಸೊರಾಬ್ಜಿ ನೂರು ವರ್ಷಗಳಿಗೂ ಹಿಂದೆಯೇ ಕಂಡಿದ್ದರು. ಆಕ್ಸ್‌ಫರ್ಡಿನಲ್ಲಿ ಕಾನೂನು ಕಲಿತ ಅವರು, ಪರಪುರುಷರೆದುರು ಬಾರದ ಪರ್ದಾನಶೀನ್ ಮಹಿಳೆಯರ ಆಸ್ತಿಯ ಹಕ್ಕಿಗಾಗಿ ದುಡಿದರು. ಆದರೂ ಆ ಕಾಲದಲ್ಲಿ ಹೆಣ್ಣಿಗೆ ನ್ಯಾಯಾಲಯದ ಬಾಗಿಲು ಸುಲಭವಾಗಿ ತೆರೆಯಲಿಲ್ಲ. 1916ರಲ್ಲಿ ರೆಜಿನಾ ಗುಹಾ ಎಂಬವರ ಅರ್ಜಿಯನ್ನು ಕಲ್ಕತ್ತಾ ಹೈಕೋರ್ಟ್ ತಿರಸ್ಕರಿಸಿತು. ಕಾರಣ, ಆಕೆ ಹೆಣ್ಣು! 1923ರ ಕಾಯಿದೆ ಬಂದ ಮೇಲಷ್ಟೇ ಆ ತಡೆ ನಿವಾರಣೆಯಾಯಿತು.

ಕೇರಳದ ಪತ್ತನಂತಿಟ್ಟದ ಫಾತಿಮಾ ಬೀವಿಯವರಿಗೆ ರಸಾಯನಶಾಸ್ತ್ರ ಓದುವ ಆಸೆಯಿತ್ತು. ನ್ಯಾಯಾಧೀಶೆ ಅನ್ನಾ ಚಾಂಡಿಯವರ ಸಾಧನೆಯನ್ನು ಕಂಡಿದ್ದ ತಂದೆ ಮೀರಾ ಸಾಹಿಬರು, ಮಗಳು ಕಾನೂನು ಓದಲಿ ಎಂದರು. 1950ರಲ್ಲಿ ಆಕೆ ವಕೀಲೆಯಾದರು. 1989ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಾಧೀಶೆಯಾದರು. 2021ರಲ್ಲಿ ನಮ್ಮ ಕರ್ನಾಟಕದ ಬಿ.ವಿ. ನಾಗರತ್ನ ಸಹಿತ ಮೂವರು ಮಹಿಳೆಯರು ಒಂದೇ ದಿನ ಅಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಅವರನ್ನು ಸೇರಿಸಿದರೂ ಅಷ್ಟು ವರ್ಷಗಳಲ್ಲಿ ಆ ಪೀಠವೇರಿದ ಮಹಿಳೆಯರು ಕೇವಲ 11 ಮಂದಿ. ಫಾತಿಮಾ ಬೀವಿಯವರು 2023ರ ನವೆಂಬರ್‌ನಲ್ಲಿ ನಿಧನರಾದರು. ಪದ್ಮಭೂಷಣ ಘೋಷಣೆಯಾದದ್ದು 2024ರಲ್ಲಿ, ಅವರು ಕಣ್ಮುಚ್ಚಿದ ನಂತರ.

ಸಹೋದರಿ, ಇಂತಹವರನ್ನು ನಾವು ಹೇಗೆ ಗೌರವಿಸುತ್ತೇವೆ? ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರೆ ಮುಗಿಯಿತೇ?

ನನ್ನ ಮಗಳು ಪಿಯುಸಿ ಮುಗಿಸಿ, "ಉಮ್ಮಾ, ನಾನು ಕಾನೂನು ಓದುತ್ತೇನೆ" ಎಂದಾಗ ಮನೆಯಲ್ಲಿ ಮೌನ ಆವರಿಸಿತು. "ಕೋರ್ಟು ಮೆಟ್ಟಿಲೇರುವ ಹುಡುಗಿಗೆ ಸಂಬಂಧ ಎಲ್ಲಿಂದ ಬರುತ್ತದೆ?" ಎಂದು ನನ್ನ ಅತ್ತೆ ಕೇಳಿದರು. ನಿಜ ಹೇಳುತ್ತೇನೆ, ಆ ಭಯ ನನ್ನಲ್ಲೂ ಇತ್ತು. ಆಗ ರಿಕ್ಷಾದಲ್ಲಿ ಅತ್ತ ಆ ಹೆಣ್ಣುಮಗಳ ಮುಖ ಕಣ್ಣೆದುರು ಬಂತು.

ಕುರ್‌ಆನಿನ 58ನೇ ಅಧ್ಯಾಯದ ಹೆಸರು 'ಅಲ್ ಮುಜಾದಲ'. ಪತಿಯಿಂದಾದ ಅನ್ಯಾಯವನ್ನು ಪ್ರವಾದಿ(ಸ)ಯವರ ಮುಂದೆ ವಾದಿಸಿದ ಹಝ್ರತ್ ಖೌಲಾ(ರ)ರ ಪ್ರಸಂಗದಿಂದ ಅದು ಆರಂಭವಾಗುತ್ತದೆ. ಆ ಮಹಿಳೆಯ ಅಳಲನ್ನು ಅಲ್ಲಾಹನೇ ಆಲಿಸಿದನು. ಹೀಗಿರುವಾಗ ನ್ಯಾಯಕ್ಕಾಗಿ ಮಾತನಾಡಬಯಸುವ ಮಗಳ ಬಾಯಿ ಮುಚ್ಚಿಸಲು ನಾನು ಯಾರು? ಇದನ್ನೇ ಅತ್ತೆಗೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅರ್ಜಿ ಹಾಕಲಿ" ಎಂದರು.

ನಿಮ್ಮ ಮನೆಯಲ್ಲೂ ಅಂತಹ ಮಗಳಿರಬಹುದು. ಅವಳನ್ನು ತಡೆಯಬೇಡಿ. ಒಂದು ದಿನ ಯಾರೋ ನೊಂದ ಹೆಣ್ಣು ಅವಳೆದುರು ಕುಳಿತು ತನ್ನ ನೋವನ್ನು ಪೂರ್ತಿಯಾಗಿ ಹೇಳಿಕೊಂಡಾಳು, ಇನ್‌ಶಾ ಅಲ್ಲಾಹ್.