ಪಾರಿಜಾತದ ಮೆಂತೆ

ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆಯೆಂದು ನಾಲ್ಕು ಹೊಲಿಗೆಗಳುಂಟು. ಎರಡೆಳೆ ಅಡ್ಡಹಾಯುವುದೇ ಮೆಂತೆ. ಗೋಪುರ, ತೇರು, ಬೃಂದಾವನಗಳ ಮಾದರಿಗಳು ಪರಂಪರೆಯಿಂದ ಬಂದವು. ಹೊಸತನ್ನು ಕಲ್ಪಿಸುವುದು ಬೇರೆಯೇ ಸಾಹಸ.

ನಮ್ಮ ಅಂಗಳದ ಪಾರಿಜಾತವು ಕಳೆದ ಮಳೆಗಾಲದಲ್ಲಿ ಉರುಳಿತು. ಅದು ಮೊಮ್ಮಗಳ ಇಳಕಲ್ಲ ಸೀರೆಯ ಸೆರಗಿನಲ್ಲಾದರೂ ಅರಳಲೆಂದು ಮನೆಯಾಕೆಯ ಬಯಕೆ. ಆಕೆಯ ಕಣ್ಣು ಮಂಜಾಗಿರುವುದರಿಂದ ಹೊಲಿಗೆ ಮೊಮ್ಮಗಳದು. ಚೌಕಳಿ ಕಾಗದದ ಮನೆಗಳನ್ನು ಎಣಿಸುವುದು ನನ್ನದು.

ಹೂವಿಗೆ ನಡುವೊಂದು ಬೇಕಾದರೆ ಮನೆಗಳು ಬೆಸಸಂಖ್ಯೆಯಲ್ಲಿರಬೇಕು: ಅತ್ತ 7, ಇತ್ತ 7, ನಡುವೆ 1, ಒಟ್ಟು 15. ದಳದ ಬಾಗು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ನಡುವಿಗೆ ಕೇಸರಿ ನೂಲು, ದಳಕ್ಕೆ ಬಿಳಿ. ಪಾರಿಜಾತಕ್ಕೆ ಐದರಿಂದ ಎಂಟು ದಳಗಳುಂಟು. ಚೌಕದಲ್ಲಿ ಐದು ಸಮನಾಗಿ ಕೂಡವು, ಎಂಟು ಕೂಡುವುವು. “ದೇವರಿಗೆ ನಾನು ಹುಡುಕಿ ಆರಿಸುತ್ತಿದ್ದುದು ಎಂಟೆಸಳಿನದನ್ನೇ” ಎಂದಳು ಆಕೆ. ಗಣನಿಯಮವು ಕವಿಯನ್ನು ತಕ್ಕ ಪದದ ಬಳಿಗೆ ಒಯ್ಯುವಂತೆ, ಎಳೆಯ ಲೆಕ್ಕವು ನಮ್ಮನ್ನು ಆ ಹೂವಿನ ಬಳಿಗೆ ಒಯ್ದಿತು.

“ಮೇಲಿನ ಎಳೆಗಳೆಲ್ಲ ಒಂದೇ ಕಡೆಗೆ ವಾಲಲಿ, ಮಗಳೇ, ಇಲ್ಲವಾದರೆ ಹೊಳಪು ಕೆಟ್ಟೀತು” ಎಂದು ಆಕೆ ಈಗ ಬೆರಳಿನಿಂದ ತಡವಿಯೇ ತಿದ್ದುತ್ತಾಳೆ. ಬರುವ ಮಾಘದಲ್ಲಿ ಸೀರೆಯು ಮೊಮ್ಮಗಳೊಡನೆ ಅತ್ತೆಯ ಮನೆಗೆ ಹೋಗುವುದು. ಕಾಗದವನ್ನೂ ಅವಳ ಪೆಟ್ಟಿಗೆಯಲ್ಲಿಯೇ ಇರಿಸಿದ್ದೇನೆ. ಹೂವನ್ನು ಇನ್ನೊಮ್ಮೆ ಹೊಲಿಯಬೇಕಾದವಳು ಅವಳೇ.